ಮಾತಾಡಿದವರ ಹೆಸರು

"ಇದು ನಡೆದದ್ದು, ಮಕ್ಕಳೇ, ಕಟ್ಟಿದ್ದಲ್ಲ" ಎಂದು ಪವಿತ್ರನ್ ಬಚ್ಚಲಿನ ಕನ್ನಡಿಗೆ ಹೇಳಿದ. ಅರ್ಧ ಕೆನ್ನೆಯ ಮೇಲೆ ನೊರೆಯಿತ್ತು. ಇನ್ನೊಮ್ಮೆ ಹೇಳಿದ, ಈ ಸಲ 'ನಡೆದದ್ದು' ಎಂಬಲ್ಲಿ ಒಂದು ಗಳಿಗೆ ಕೂತು, 'ಕಟ್ಟಿದ್ದಲ್ಲ' ಎಂಬುದನ್ನು ಉಟ್ಟ ಮುಂಡಿನ ಧೂಳು ಕೊಡವಿದ ಹಾಗೆ ಕೊಡವಿದ. ಚೆನ್ನಾಗಿತ್ತು. ಇಪ್ಪತ್ತೆರಡು ವರ್ಷಗಳಲ್ಲಿ ಹದಿನಾಲ್ಕು ಶಾಲೆಗಳ ಒಂಬತ್ತನೇ ಕ್ಲಾಸುಗಳನ್ನು ಈ ಒಂದು ವಾಕ್ಯ ಬಾಯಿ ಮುಚ್ಚಿಸಿ ಕೂರಿಸಿತ್ತು. ಬೇರೆ ಮಾಷ್‌ಗಳು ಬೆತ್ತದಿಂದ ಬೆಳೆಯಲಾಗದ್ದನ್ನು ತಾನು ಬಿತ್ತಿ ಬೆಳೆದಿದ್ದೇನೆ ಎಂದು ಅವನು ಅಧ್ಯಾಪಕರ ಸಭೆಯೊಂದರಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೂ ಉಂಟು. ಆಮೇಲೆ ನೆನಪಾಯಿತು, ಇವತ್ತು ಆ ಕಥೆ ಹೇಳುವುದಿಲ್ಲವೆಂದು ನಿನ್ನೆ ಸಂಜೆಯೇ ತೀರ್ಮಾನಿಸಿಯಾಗಿತ್ತು. ಹಾಗಾದರೆ ಬಾಯಿ ಯಾಕೆ ತನ್ನಷ್ಟಕ್ಕೆ ಶುರುಮಾಡಿತು ಎಂದು ಅವನು ಕನ್ನಡಿಯ ಬಾಯಿಯನ್ನೇ ನೋಡಿದ. ಅಡುಗೆಮನೆಯಿಂದ ಶೈಲಜಾ, "ಬೋರ್ಡಿನ ಮೇಲೆ ಹೆಸರು ಬರೆದು ಮುಗೀತಾ? ಪುಟ್ಟು ಆರ್ತಾ ಇದೆ" ಎಂದಳು. ಮದುವೆಯಾದ ಲಾಗಾಯ್ತು, ಅವನು ಮಕ್ಕಳ ನಾಯಕತ್ವ ಶಿಬಿರಕ್ಕೆ ಹೊರಡುವ ಪ್ರತಿ ಬೆಳಗ್ಗೆ ಈ ಕಥೆಯನ್ನು ಬಾಗಿಲಿನಾಚೆಯಿಂದ ಕೇಳಿದವಳು ಅವಳು. ಉಪ್ಪು ಸರಿಯಿದೆಯಾ ಎಂದು ಕೇಳುವ ದನಿಯಲ್ಲೇ ಕೇಳುತ್ತಾಳೆ.

ಕಥೆ ದೊಡ್ಡದೇನಲ್ಲ. ಏಳನೇ ಕ್ಲಾಸಿನ ಲೀಡರ್ ಹುಡುಗ. ಮಾಷ್ ಹೊರಗೆ ಹೋದಾಗ ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವುದು ಅವನ ಕೆಲಸ. ಒಂದು ದಿನ ಅವನೇ ಮಾಷ್‌ರ ಹಾಗೆ ಕೆಮ್ಮಿ, ಮಾಷ್‌ರ ಹಾಗೆ ನಡೆದು ಕ್ಲಾಸನ್ನೆಲ್ಲ ನಗಿಸಿದ. ಎಲ್ಲರಿಗಿಂತ ಜೋರಾಗಿ ನಕ್ಕ ಗೆಳೆಯನ ಹೆಸರನ್ನು ಅದೇ ನಟನೆಯ ಭಾಗವಾಗಿ ಬೋರ್ಡಿನ ಮೇಲೆ ಬರೆದ. ಆಗ ನಿಜವಾದ ಮಾಷ್ ಬಾಗಿಲಲ್ಲಿ ನಿಂತಿದ್ದರು. ಬೋರ್ಡಿನ ಮೇಲಿದ್ದ ಹೆಸರನ್ನು ಓದಿ, ಕೆಮ್ಮಿದವನು ಅವನೇ ಎಂದುಕೊಂಡು ಗೆಳೆಯನ ಕೈ ಚಾಚಿಸಿದರು. ಎರಡು ಏಟು ಬಿತ್ತು. ಮೂರನೆಯದಕ್ಕೆ ಬೆತ್ತ ಎತ್ತಿದಾಗ ಲೀಡರ್ ಸೀಮೆಸುಣ್ಣ ಹಿಡಿದು, ಗೆಳೆಯನ ಹೆಸರಿನ ಮೇಲ್ಗಡೆ ತನ್ನ ಹೆಸರು ಬರೆದು, ಅಂಗೈ ಚಾಚಿ ನಿಂತ. 'ಮಕ್ಕಳೇ, ಬೇರೆಯವರ ಹೆಸರು ಬರೆಯುವವನು ಲೀಡರಲ್ಲ. ಆಲೋಚಿಸಿ. ತನ್ನ ಹೆಸರನ್ನು ಮೊದಲು ಬರೆಯುವವನು ಲೀಡರು.' ಇಲ್ಲಿ ಇನ್ನೊಮ್ಮೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಬೇಕು. ಒರೆಸುವಷ್ಟು ಹೊತ್ತು ಯಾರೂ ಉಸಿರಾಡುವುದಿಲ್ಲ.

ಬಿಂದುಜಾ ಎಂಬವಳು ಬರೆದ ಕಾಗದ ಅವನ ಬೀರುವಿನಲ್ಲಿದೆ. ಎಲ್ಲೋ ದೂರದ ಆಸ್ಪತ್ರೆಯಲ್ಲಿ ನರ್ಸಾಗಿರುವ ಹಳೆಯ ವಿದ್ಯಾರ್ಥಿನಿ. ಒಂದು ಬೆಳಗ್ಗೆ ರೋಗಿಗೆ ತಪ್ಪು ಅಳತೆಯ ಮದ್ದು ಕೊಟ್ಟಳಂತೆ. ಯಾರೂ ನೋಡಿರಲಿಲ್ಲ. ಡಾಕ್ಟರ ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಮತ್ತೆ ಹೋಗಿ ತಾನೇ ಹೇಳಿದಳಂತೆ. 'ಬೋರ್ಡು ನೆನಪಾಯಿತು ಮಾಷ್, ನನ್ನ ಹೆಸರು ನಾನೇ ಬರೆದೆ' ಎಂದಿತ್ತು ಕಾಗದದಲ್ಲಿ. ರೋಗಿ ಉಳಿದುಕೊಂಡ. ಪವಿತ್ರನ್ ಆ ಸಾಲನ್ನು ಎಷ್ಟು ಸಲ ಓದಿದ್ದನೆಂದರೆ ಕಾಗದ ಅಲ್ಲಿಯೇ ಮಡಿಕೆ ಬಿಟ್ಟಿತ್ತು. ಪ್ರತಿ ಸಲವೂ ಮೊದಲು ಎದೆ ಉಬ್ಬುತ್ತಿತ್ತು, ಆಮೇಲೆ ಕಿವಿ ಬಿಸಿಯಾಗುತ್ತಿತ್ತು. ಯಾಕೆಂದರೆ ಬಿಂದುಜಾ ಬರೆದಳು, ಪವಿತ್ರನ್ ಬರೆದಿರಲಿಲ್ಲ.

ಪುಟ್ಟಿನ ಜೊತೆ ಕಡಲೆ ಕಲಸಿ ತಿನ್ನುತ್ತ ಅವನು ತನ್ನ ತೀರ್ಮಾನವನ್ನು ಇನ್ನೊಮ್ಮೆ ಪರೀಕ್ಷಿಸಿದ. ಗಟ್ಟಿಯಾಗಿಯೇ ಇತ್ತು. ಜೂನ್‌ನಲ್ಲಿ ಅವನಿಗೆ ಸ್ವಂತ ಊರಿನ ಶಾಲೆಗೆ ವರ್ಗವಾಗಿತ್ತು. ನಿವೃತ್ತಿಗೆ ಮುಂಚೆ ಎಲ್ಲರೂ ಬಯಸುವಂಥದ್ದು. ತಾನು ಓದಿದ, ಆ ಬೋರ್ಡು ಇದ್ದ ಶಾಲೆಯೇ. ಮುಖ್ಯೋಪಾಧ್ಯಾಯಿನಿ ಪ್ರಸನ್ನ ಟೀಚರ್, ಮಾಷ್ ಬಂದಮೇಲೆ ನಾಯಕತ್ವ ಶಿಬಿರ ಆಗಲೇಬೇಕು ಎಂದು ಹಟ ಹಿಡಿದರು. ಅವನೂ ಖುಷಿಯಿಂದಲೇ ಒಪ್ಪಿದ. ನಿನ್ನೆ ಮಧ್ಯಾಹ್ನ ನೋಟೀಸ್ ಬೋರ್ಡಿಗೆ ಅಂಟಿಸಿದ ಹಾಳೆ ನೋಡುವವರೆಗೆ ಎಲ್ಲ ಸರಿಯಿತ್ತು. ಉದ್ಘಾಟನೆ: ಶ್ರೀ ಕೆ. ಅಚ್ಯುತನ್, ರಕ್ಷಕ-ಶಿಕ್ಷಕ ಸಂಘದ ಅಧ್ಯಕ್ಷರು. ಅಕ್ಷರ ಪ್ರಸನ್ನ ಟೀಚರದ್ದೇ, ದುಂಡಗೆ. ಸೀಮೆಸುಣ್ಣದಿಂದ ಬರೆದಿದ್ದಲ್ಲ, ನೀಲಿ ಸ್ಕೆಚ್ ಪೆನ್ನು. ಆದರೂ ಬೋರ್ಡಿನ ಮೇಲೆ ಆ ಹೆಸರು ಕಂಡದ್ದೇ ಅವನ ಬೆರಳುಗಳು ಒಂದನ್ನೊಂದು ಉಜ್ಜಿಕೊಂಡವು, ಪುಡಿ ಒರೆಸುವ ಹಾಗೆ.

ಅಚ್ಯುತನ್ ಇದೇ ಊರಿನಲ್ಲಿದ್ದಾನೆ ಎಂಬುದು ಅವನಿಗೆ ಹೊಸದಲ್ಲ. ಮದುವೆಗಳಲ್ಲಿ, ಸಾವುಗಳಲ್ಲಿ ನೋಡುತ್ತಲೇ ಇದ್ದ. ಮೈಕ್ ಸೆಟ್ಟಿನ ಅಚ್ಯುತನ್. ಊರಿಗೆಲ್ಲ ಅಣ್ಣನಾಗಿ ಅಚ್ಯುತೇಟ್ಟ. ಸುತ್ತಮುತ್ತ ಹತ್ತು ಊರುಗಳಲ್ಲಿ ಯಾವ ಪಕ್ಷದವರು ಯಾವ ಪಕ್ಷದವರನ್ನು ಬಯ್ದರೂ ಅವನ ಮೈಕಿನಲ್ಲೇ ಬಯ್ಯಬೇಕು. ನಕ್ಕು, ಮಳೆ ಬಂತಾ ಹೋಯಿತಾ ಎಂದು ಮಾತಾಡಿ ಬೇರೆಯಾಗುವುದು ರೂಢಿ. ಆ ಏಳನೇ ಕ್ಲಾಸಿನ ಮಾತು ನಲವತ್ತೆರಡು ವರ್ಷಗಳಲ್ಲಿ ಇಬ್ಬರ ನಡುವೆ ಒಂದು ಸಲವೂ ಬಂದದ್ದಿಲ್ಲ. ಬಾರದೆ ಇದ್ದುದರಿಂದಲೇ ಅದು ಮರೆತುಹೋಗಿದೆ ಎಂದು ಪವಿತ್ರನ್ ನಂಬಿದ್ದ. ನಂಬಿಕೆ ಒಳ್ಳೆಯದೇ, ಆದರೆ ಮೊದಲ ಸಾಲಿನಲ್ಲಿ ಆ ಮನುಷ್ಯನನ್ನು ಕೂರಿಸಿಕೊಂಡು ಅವನಿಗೆ ಬಿದ್ದ ಆರು ಏಟನ್ನು ಎರಡಾಗಿಸುವುದು ಬೇರೆ. ಅಷ್ಟು ಧೈರ್ಯ ಯಾರಿಗಿದೆ. ಆದ್ದರಿಂದ ಇವತ್ತು ಕಥೆಯಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿ ಜೊತೆಗಾರನ ಹೆಗಲು ಹಿಡಿದು ನಡೆಯುವ ಆಟ, ಹಳೆಯ ಪೇಪರಿನಿಂದ ಗೋಪುರ ಕಟ್ಟುವ ಆಟ, ಮಧ್ಯೆ ಎರಡು ಹಾಡು. ಮಕ್ಕಳನ್ನು ಸಂಜೆಯವರೆಗೆ ಹಿಡಿದಿಡಲು ತನಗೆ ಕಥೆಯೊಂದೇ ಆಧಾರವೇ? ಕೈ ತೊಳೆದು ಹೊರಡುವಾಗ ಅವನ ನಡಿಗೆ ಎಂದಿನಂತೆಯೇ ಇತ್ತು, ಮುಂಡಿನ ಅಂಚು ಎಡಗೈಯಲ್ಲಿ, ಗಲ್ಲ ಸ್ವಲ್ಪ ಮೇಲೆ.

ಕೆಂಪು ಕಲ್ಲಿನ ಗೋಡೆಗಳ ನಡುವಿನ ಓಣಿಯಲ್ಲಿ ಶಾಲೆಗೆ ಹತ್ತು ನಿಮಿಷ. ಮೊದಲ ಶಿಬಿರದಲ್ಲಿ ತಾನು ಸತ್ಯವನ್ನೇ ಹೇಳಿದ್ದೆ ಎಂಬುದು ಅವನಿಗೆ ಓಣಿಯ ತಿರುವಿನಲ್ಲಿ ನೆನಪಾಯಿತು, ಪ್ರತಿ ಸಲವೂ ಯಾವುದೋ ತಿರುವಿನಲ್ಲೇ ನೆನಪಾಗುವ ಹಾಗೆ. ಆ ಶಾಲೆಯಲ್ಲಿ ಅವನು, ನಾನು ಬರೆಯಬೇಕಾಗಿತ್ತು ಮಕ್ಕಳೇ, ಬರೆಯಲಿಲ್ಲ ಎಂದಿದ್ದ. ಹಿಂದಿನ ಬೆಂಚಿನವನೊಬ್ಬ ಆಕಳಿಸಿದ. ಒಬ್ಬಳು, ಆಮೇಲೆ ಮಾಷ್, ಎಂದು ಕೇಳಿದಳು. ಆಮೇಲೆ ಏನೂ ಇರಲಿಲ್ಲ. ಆಮೇಲೆ ಎಂಬುದೇ ಇಲ್ಲದ ಕಥೆಯನ್ನು ಯಾರು ಕೇಳುತ್ತಾರೆ? ಮರುವರ್ಷ ಸೀಮೆಸುಣ್ಣ ಕೈಗೆ ತೆಗೆದುಕೊಂಡೆ ಎಂದ. ಅಷ್ಟೇ, ಬರೆದೆ ಅನ್ನಲಿಲ್ಲ. ಮಕ್ಕಳ ಕುತ್ತಿಗೆಗಳು ಉದ್ದವಾದವು. ಮೂರನೇ ವರ್ಷ ಅಕ್ಷರಗಳು ತಾವಾಗಿ ಬೋರ್ಡಿನ ಮೇಲೆ ಮೂಡಿದವು. ಚಪ್ಪಾಳೆ ಎಷ್ಟು ಜೋರಾಗಿ ಬಿತ್ತೆಂದರೆ ಪಕ್ಕದ ಕ್ಲಾಸಿನ ಟೀಚರ್ ಇಣುಕಿ ನೋಡಿದಳು. ಇದು ಸುಳ್ಳು ಎಂದು ಆಗ ಅನ್ನಿಸಿರಲಿಲ್ಲ. ಬಾಕಿ ಉಳಿದಿದ್ದ ಒಂದು ಕೆಲಸವನ್ನು ತಡವಾಗಿ ಮಾಡಿದಂತೆ ಅನ್ನಿಸಿತ್ತು. ಬರೆದವನಿಗೆ ಹೆಸರು ಬಂತು, ಬರೆಸಿಕೊಂಡವನಿಗೆ ಬಾಸುಂಡೆ ಬಂತು ಎಂದು ಅವನ ಒಳಗೊಬ್ಬ ಕಿಡಿಗೇಡಿ ಪ್ರಾಸ ಕಟ್ಟಿ ಹೇಳಿದಾಗ ಪವಿತ್ರನ್ ಕೆಮ್ಮಿ ಅವನನ್ನು ಸುಮ್ಮನಾಗಿಸಿದ.

ಶಾಲೆಯ ಹಾಲಿನಲ್ಲಿ ಅಚ್ಯುತನ್ ಆಗಲೇ ಇದ್ದ. ಅಧ್ಯಕ್ಷನೆಂದು ಹೊಸ ಅಂಗಿ ಹಾಕಿದ್ದರೂ ಬಗ್ಗಿ ವೈರು ಎಳೆಯುತ್ತಿದ್ದ. ಕೆಲಸದವರನ್ನು ಬೇರೆ ಕಡೆ ಕಳಿಸಿದ್ದೇನೆ, ಇವತ್ತು ಸ್ವಂತ ಕೈಯಡುಗೆ ಎಂದ. ವೇದಿಕೆಯ ಹಿಂದಿನ ನೀಲಿ ಪರದೆಯ ಮೇಲೆ ಮಕ್ಕಳು ಕತ್ತರಿಸಿ ಅಂಟಿಸಿದ ಅಕ್ಷರಗಳು, ಪಕ್ಕದಲ್ಲಿ ಮೂರು ಕಾಲಿನ ಮೇಲೆ ನಿಂತ ಕಪ್ಪು ಹಲಗೆ. ಇದು ಯಾಕೆ ಎಂದು ಪವಿತ್ರನ್ ಕೇಳಿದ್ದಕ್ಕೆ ಒಂಬತ್ತನೇ ಕ್ಲಾಸಿನ ಲೀಡರ್ ಅಭಿನವ್, ಮಾಷ್‌ಗೆ ಬೇಕಾಗುತ್ತಲ್ಲ ಎಂದು ಹೇಳಿ ಓಡಿದ. ಓಡುವಾಗ ನಕ್ಕಹಾಗಿತ್ತು. ಪವಿತ್ರನ್ ಕಪ್ಪು ಹಲಗೆಗೆ ಬೆನ್ನು ಹಾಕಿ ನಿಂತ. ಸುಮ್ಮನಿರುವುದೇ ಜಾಣತನವಾಗಿತ್ತು, ಆದರೆ ಹಲ್ಲುನೋವಿನ ಜಾಗಕ್ಕೆ ನಾಲಗೆ ಹೋಗುವ ಹಾಗೆ ಅವನು ಬೆತ್ತ ಎತ್ತಿದ ಆ ಮಾಷ್ ಹೆಸರನ್ನೇ ತೆಗೆದು, "ನಿನಗೆ ಕುಞಂಬು ಮಾಷ್ ನೆನಪಿದ್ದಾರಾ?" ಎಂದ.

"ಕೆಮ್ಮು ನೆನಪಿದೆ" ಎಂದ ಅಚ್ಯುತನ್, ತಲೆ ಎತ್ತದೆ.

"ಬೇರೆ?"

"ಬೇರೆ ಏನಿತ್ತು ಅವರ ಹತ್ರ? ಒಂದು ಕೊಡೆ. ಹಿಡ್ಕೋ ಇದನ್ನ." ಅವನು ಮೈಕನ್ನು ಪವಿತ್ರನ್ ಕೈಗಿತ್ತು ಸ್ಪೀಕರ್ ಬಾಕ್ಸಿನ ಹತ್ತಿರ ಹೋದ. "ಏನಾದ್ರೂ ಮಾತಾಡು, ಮಾಷೇ. ನಿನಗೇನು ಹೇಳಿಕೊಡ್ಬೇಕಾ."

ಮೈಕು ಕೈಯಲ್ಲಿದ್ದಾಗ ಪವಿತ್ರನ್‌ಗೆ ಮಾತು ಸಿಗದೇ ಹೋದದ್ದು ಅದೇ ಮೊದಲು. ಹಲೋ ಎಂದ. ಇನ್ನೊಮ್ಮೆ ಹಲೋ ಎಂದ. ಒಂದು ಎರಡು ಮೂರು ಎಂದು ಎಣಿಸಿದ. ಆರಕ್ಕೆ ಬಂದಾಗ ನಿಲ್ಲಿಸಿದ. ಅಚ್ಯುತನ್ ಗುಂಡಿ ತಿರುಗಿಸುತ್ತ, ಸಾಕು, ದನಿ ಚೆನ್ನಾಗಿ ಬರ್ತಾ ಇದೆ ಎಂದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಮುಖವನ್ನು ಓದುವುದಕ್ಕೆ ಹೊರಟರೆ ಅದರಲ್ಲಿ ಎಲ್ಲವೂ ಇರುತ್ತದೆ. ಪರದೆಯ ಹಿಂದಕ್ಕೂ ಒಂದು ವೈರು ಹೋಗಿದ್ದನ್ನು ಪವಿತ್ರನ್ ಕಂಡ. ಹಾಡುವ ಮಕ್ಕಳಿಗಿರಬೇಕು ಎಂದುಕೊಂಡ.

ಸ್ವಾಗತ ಭಾಷಣ ಎಂದಿನಷ್ಟು ಉದ್ದವಿತ್ತು. ಪ್ರಸನ್ನ ಟೀಚರ್ ಅವನನ್ನು 'ನಮ್ಮ ಊರಿನ ಮುತ್ತು, ನಮ್ಮ ಶಾಲೆಯ ಸೊತ್ತು' ಎಂದು ಕರೆದರು. ಮಕ್ಕಳು ಚಪ್ಪಾಳೆ ತಟ್ಟಿದರು. ಈ ಮಾತುಗಳ ಅಡಿಯಲ್ಲಿ ಕೂತಿರುವುದು ಅವನಿಗೆ ಅಭ್ಯಾಸವಾಗಿತ್ತು. ಬಿಸಿನೀರು ಮೈಮೇಲೆ ಬೀಳುವಾಗ ಹೇಗೋ ಹಾಗೆ. ಅಚ್ಯುತನ್ ದೀಪ ಹಚ್ಚಿ ಎರಡೇ ಮಾತಿನಲ್ಲಿ ಉದ್ಘಾಟಿಸಿದ: ಇಷ್ಟು ವರ್ಷ ಬೇರೆಯವರ ಮಾತಿಗೆ ಮೈಕು ಕೊಟ್ಟವನು ನಾನು, ನನಗೆ ಮಾತಾಡಲು ಬರುವುದಿಲ್ಲ, ಮಾತಾಡುವವರು ಬಂದಿದ್ದಾರೆ, ಕೇಳಿ. ಮಕ್ಕಳು ಇದಕ್ಕೆ ಇನ್ನೂ ಜೋರಾಗಿ ತಟ್ಟಿದರು. ಆಶಂಸೆಗೆಂದು, ಅಂದರೆ ಶುಭ ಹಾರೈಸಲೆಂದು ಬಂದಿದ್ದ ಇಬ್ಬರು ತಲಾ ಕಾಲು ಗಂಟೆ ಆಶಂಸಿಸಿದರು. ಅಷ್ಟರಲ್ಲಿ ಪವಿತ್ರನ್ ಮೊದಲ ಸಾಲಿನ ಮುಖಗಳನ್ನು ಎಣಿಸಿ ಅಳೆದು ಮುಗಿಸಿದ್ದ: ಇವನು ತಕ್ಷಣ ಕೈಯೆತ್ತುವವನು, ಇವಳು ಗೊತ್ತಿದ್ದೂ ಎತ್ತದವಳು, ಈ ಇಬ್ಬರನ್ನು ಬೇರೆ ಕೂರಿಸಬೇಕು. ಅವನ ಒಳಗಿನ ಮೇಷ್ಟ್ರು ಕೆಲಸ ಶುರುಮಾಡಿದ್ದ. ಅದರಲ್ಲಿ ಅವನಿಗೆ ಸಂಶಯವೇ ಇರಲಿಲ್ಲ; ಮಕ್ಕಳೆದುರು ನಿಂತಾಗ ತಾನು ಯಾರೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಬೇರೆ ಕಡೆಗಳಲ್ಲೇ ಸ್ವಲ್ಪ ಗೊಂದಲ.

ಮೈಕಿನ ಮುಂದೆ ನಿಂತು ಅವನು ಕಣ್ಣಿಗೆ ಕಟ್ಟುವ ಬಟ್ಟೆಗಳ ಚೀಲವನ್ನು ಎತ್ತಿ ತೋರಿಸಿದ. ಇವತ್ತು ಮಾತು ಕಡಿಮೆ, ಆಟ ಜಾಸ್ತಿ ಎಂದ. ಹಾಲಿನಲ್ಲಿ ಒಂದು ಸಣ್ಣ ಗುಜುಗುಜು ಎದ್ದಿತು. ಅಭಿನವ್ ನಿಂತು, "ಮಾಷೇ, ಬೋರ್ಡಿನ ಕಥೆ?" ಎಂದ. ಅದು ಇವತ್ತಿಲ್ಲ ಎಂದ ಪವಿತ್ರನ್. ನಮ್ಮ ಅಕ್ಕ ಹೇಳಿದ್ದಳು, ನಮ್ಮ ಮಾವನ ಮಗ ಹೇಳಿದ್ದ, ಬೇರೆ ಶಾಲೆಯವರಿಗೆಲ್ಲ ಹೇಳಿ ಸ್ವಂತ ಶಾಲೆಗೆ ಇಲ್ಲವೇ ಎಂದು ನಾಲ್ಕು ಕಡೆಯಿಂದ ಮಾತು ಬಂತು. ಬೇಡಿಕೆಯಿಡುವುದನ್ನು ಈ ಊರಿನ ಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅವನು ಅಚ್ಯುತನ್ ಕಡೆ ನೋಡದೆ ನೋಡಿದ. ಅಚ್ಯುತನ್ ಕಾಲ ಮೇಲೆ ಕಾಲು ಹಾಕಿ ಕೂತು ಪಾದ ಅಲ್ಲಾಡಿಸುತ್ತಿದ್ದ. ಪವಿತ್ರನ್ ತುಟಿ ಬಿಗಿದು ತಲೆಯಾಡಿಸಿದ, ಇಲ್ಲ. ಗುಜುಗುಜು ನಿಂತಿತು. ನಿಂತ ಆ ಮೌನದಲ್ಲಿ, ಅವನ ಬಾಯಿ ಮುಚ್ಚಿರುವಾಗಲೇ, ಎರಡೂ ಬಾಕ್ಸುಗಳಿಂದ ಅವನ ದನಿ ಕೇಳಿಸಿತು.

"ಇದು ನಡೆದದ್ದು, ಮಕ್ಕಳೇ, ಕಟ್ಟಿದ್ದಲ್ಲ."

ನಡೆದದ್ದು ಎಂಬಲ್ಲಿ ಕೂರುವುದು ಅದೇ, ಕಟ್ಟಿದ್ದಲ್ಲ ಎಂದು ಕೊಡವುವುದು ಅದೇ. ಒಂದು ಕ್ಷಣ ಅವನು ತನ್ನ ಗಂಟಲನ್ನು ಮುಟ್ಟಿ ನೋಡಿಕೊಂಡ. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದಿದ್ದರು. ಪರದೆ ಸ್ವಲ್ಪ ಅಲ್ಲಾಡಿತು, ಕೆಳಗಿನ ಸಂದಿಯಲ್ಲಿ ಬಿಳಿ ಸಾಕ್ಸು ಹಾಕಿದ ಎರಡು ಪಾದ ಕಂಡವು. ನಫ್ಲಾ. ಉಪಜಿಲ್ಲಾ ಯುವಜನೋತ್ಸವದಲ್ಲಿ ಮಿಮಿಕ್ರಿಗೆ ಮೊದಲ ಬಹುಮಾನ ಪಡೆದವಳು. ಹೋದ ವರ್ಷ ಬೇರೆ ಶಾಲೆಯಲ್ಲಿ ನಡೆದ ಅವನ ಶಿಬಿರಕ್ಕೆ ಬಂದು ಮೊದಲ ಬೆಂಚಿನಲ್ಲಿ ಕಣ್ಣು ಮಿಟುಕಿಸದೆ ಕೂತಿದ್ದವಳು. ಎಷ್ಟು ಆಸಕ್ತಿಯಿಂದ ಕೇಳುತ್ತಾಳೆ ಎಂದು ಅವನು ಆಗ ಮೆಚ್ಚಿಕೊಂಡಿದ್ದ. ದನಿ ಮುಂದುವರಿಯಿತು. ಏಳನೇ ಕ್ಲಾಸು, ಲೀಡರು, ಸೀಮೆಸುಣ್ಣ. ನಡುವೆ ಕನ್ನಡಕ ಒರೆಸುವ ಮೌನ ಕೂಡ ಸರಿಯಾದ ಜಾಗದಲ್ಲಿತ್ತು. ಅವನ ಮಾತಿಗೊಮ್ಮೆ ಬರುವ 'ಆಲೋಚಿಸಿ' ಕೇಳಿದಾಗ ಇಡೀ ಹಾಲ್ ನಗುವಿನಲ್ಲಿ ಕುಲುಕಿತು. ಪ್ರಸನ್ನ ಟೀಚರ್ ಎದ್ದು ನಿಂತು ಪರದೆಯ ಕಡೆ ಹೊರಟರು. ಪವಿತ್ರನ್ ಕೈಯೆತ್ತಿ ತಡೆದ. ಯಾಕೆ ತಡೆದೆ ಎಂದು ಅವನಿಗೂ ತಿಳಿಯಲಿಲ್ಲ. ಬಹುಶಃ ಕಲಾವಿದನೊಬ್ಬ ಇನ್ನೊಬ್ಬನನ್ನು ನಡುವೆ ನಿಲ್ಲಿಸಬಾರದೆಂಬ ಹಳೆಯ ಮರ್ಯಾದೆ. ಏಳನೇ ಕ್ಲಾಸಿನ ಆ ದಿನದವರೆಗೆ ಅವನೂ ಈ ಕಸುಬಿನವನೇ. ಕಾಗೆ, ಬಸ್ಸು, ಪಾತ್ರೆಯ ಕಲಾಯಿಯವನು, ಕುಞಂಬು ಮಾಷ್. ಆ ದಿನದ ನಂತರ ಒಂದು ಕಾಗೆಯನ್ನೂ ಕೂಗಿರಲಿಲ್ಲ.

ಬಾಕ್ಸಿನೊಳಗಿನ ಪವಿತ್ರನ್ ಈಗ ಕುಞಂಬು ಮಾಷ್ ಕ್ಲಾಸಿನಿಂದ ಹೊರಹೋಗುವ ಜಾಗಕ್ಕೆ ಬಂದಿದ್ದ, ಮತ್ತು ಅಲ್ಲಿ ಕೆಮ್ಮಿದ. ಗಂಟಲು ಸರಿಮಾಡಿಕೊಳ್ಳುವ ಕೆಮ್ಮು, ಮೂರು ಸಲ, ಮೂರನೆಯದರ ತುದಿಯಲ್ಲಿ ಸಣ್ಣದೊಂದು ಸೀಟಿ. ಪವಿತ್ರನ್‌ನ ಕಿವಿ ತಕ್ಷಣ ಗುರುತಿಸಿತು, ಕುಞಂಬು ಮಾಷ್ ಕೆಮ್ಮುತ್ತಿದ್ದುದು ಹೀಗೆಯೇ. ಇದು ತನ್ನದಲ್ಲ. ನಫ್ಲಾ ಕುಞಂಬು ಮಾಷ್‌ರನ್ನು ನೋಡಿದವಳಲ್ಲ, ಅವರು ತೀರಿಕೊಂಡು ಇಪ್ಪತ್ತು ವರ್ಷವಾಯಿತು. ತಾನು ಶಿಬಿರಗಳಲ್ಲಿ ಆ ಕೆಮ್ಮನ್ನು ಮಾಡಿ ತೋರಿಸುವುದಿಲ್ಲ. 'ಮಾಷ್‌ರ ಹಾಗೆ ಕೆಮ್ಮಿದ' ಎಂದು ಹೇಳಿ ಮುಂದೆ ಹೋಗುತ್ತೇನೆ. ಹಾಗಾದರೆ ಇವಳಿಗೆ ಎಲ್ಲಿ ಸಿಕ್ಕಿತು? ದನಿ ಇನ್ನೊಂದು ಜಾಗದಲ್ಲಿ ಮತ್ತೆ ಕೆಮ್ಮಿತು, ಮೂರು, ಕೊನೆಯಲ್ಲಿ ಸೀಟಿ, ಮಕ್ಕಳು ಗೊಳ್ಳೆಂದರು. ಅವರೆಲ್ಲರಿಗೂ ಗೊತ್ತಿತ್ತು, ಇದು ಪವಿತ್ರನ್ ಮಾಷ್‌ರ ಕೆಮ್ಮು. ಬೆಳಗ್ಗೆ ಓಣಿಯಲ್ಲಿ ಒಳಗಿನ ಕಿಡಿಗೇಡಿಯನ್ನು ಅಡಗಿಸಿದ ಕೆಮ್ಮು. ಬಿಟ್ಟೆನೆಂದುಕೊಂಡ ಮಿಮಿಕ್ರಿಯನ್ನು ತಾನು ಒಂದು ದಿನವೂ ಬಿಟ್ಟಿರಲಿಲ್ಲ. ಸುಳ್ಳಿನ ಪಕ್ಕಕ್ಕೆ ಬಂದಾಗಲೆಲ್ಲ ಕುಞಂಬು ಮಾಷ್ ಅವನ ಗಂಟಲಿನಲ್ಲಿ ಎದ್ದು ನಿಲ್ಲುತ್ತಿದ್ದರು.

ನಲವತ್ತೆರಡು ವರ್ಷದ ಹಿಂದಿನ ಆ ದಿನ, ಕೆಳಗಿನ ಕ್ಲಾಸುಗಳಿಗೆ ಬೇಯುತ್ತಿದ್ದ ಹಳದಿ ಜೋಳದ ಉಪ್ಪಿಟ್ಟಿನ ವಾಸನೆ. ಏಳನೆಯವರಿಗೆ ವಾಸನೆ ಮಾತ್ರ. ಕಿಟಕಿಯ ಬಿಸಿಲು ಬೋರ್ಡಿನ ಅರ್ಧಕ್ಕೆ ಬಿದ್ದಿದೆ. ಅವನು ಕೆಮ್ಮುತ್ತಾನೆ, ಕೊಡೆಯ ಬದಲು ಸ್ಕೇಲು ಹಿಡಿದು ನಡೆಯುತ್ತಾನೆ, ಮೂರನೇ ಬೆಂಚಿನ ಅಚ್ಯುತನ್ ಹೊಟ್ಟೆ ಹಿಡಿದು ಬೆಂಚಿನ ಕೆಳಗೆ ಜಾರುತ್ತಾನೆ. ಅಷ್ಟು ಜೋರಾದ ನಗು ಅದುವರೆಗೆ ಅವನ ಪಾಲಿಗೆ ಬಂದಿರಲಿಲ್ಲ. ಆ ನಗುವಿಗೆ ಬಹುಮಾನವೆಂಬಂತೆ ಅವನು ಬೋರ್ಡಿಗೆ ತಿರುಗಿ ಕುಞಂಬು ಮಾಷ್‌ರ ಓರೆ ಅಕ್ಷರದಲ್ಲೇ ಅಚ್ಯುತನ್ ಎಂದು ಬರೆಯುತ್ತಾನೆ. ನಗು ಒಮ್ಮೆಲೇ ನಿಲ್ಲುತ್ತದೆ. ಒಬ್ಬನದು ಮಾತ್ರ ನಿಲ್ಲುವುದಿಲ್ಲ, ಅವನು ಬೆಂಚಿನ ಕೆಳಗಿದ್ದಾನೆ, ಬಾಗಿಲು ಅವನಿಗೆ ಕಾಣುತ್ತಿಲ್ಲ. ಮೊದಲ ಏಟು ಬೀಳುವಾಗಲೂ ನಗುವಿನ ಕೊನೆಯ ತುಣುಕು ಅವನ ಮುಖದ ಮೇಲಿತ್ತು. ಎರಡು. ಅಚ್ಯುತನ್ ಪವಿತ್ರನ್ ಕಡೆ ನೋಡಿದ. ಕೇಳುವ ನೋಟವಲ್ಲ, ಸುಮ್ಮನೆ, ಗೆಳೆಯ ಎಲ್ಲಿದ್ದಾನೆ ಎಂದು ನೋಡುವ ಹಾಗೆ. ಮೂರು. ಸೀಮೆಸುಣ್ಣ ಬೆವರಿನಲ್ಲಿ ಅಂಟಂಟಾಗಿತ್ತು. ನಾಲ್ಕು, ಐದು. ಆರು.

"ಮೂರನೆಯದಕ್ಕೆ ಬೆತ್ತ ಎದ್ದಿತು, ಮಕ್ಕಳೇ" ಎಂದಿತು ಬಾಕ್ಸು. "ಆಗ ಆ ಲೀಡರು ಸೀಮೆಸುಣ್ಣ ತೆಗೆದುಕೊಂಡ. ತೆಗೆದುಕೊಂಡು..." ದನಿ ಅಲ್ಲಿ ನಿಂತಿತು. ಪರದೆ ಸರಿಸಿ ನಫ್ಲಾ ಹೊರಬಂದಳು, ಕೈಯಲ್ಲಿ ಮೈಕು, ಮುಖದಲ್ಲಿ ಅರ್ಧ ಹೆದರಿಕೆ, ಅರ್ಧ ಗೆಲುವು. ಹಾಲ್ ತುಂಬ ಚಪ್ಪಾಳೆ ಬಿತ್ತು. ಅವಳು ತನ್ನದೇ ದನಿಯಲ್ಲಿ, "ಕೊನೆ ಮಾತು ಮಾಷ್‌ದು. ಅದನ್ನ ನಾನು ಹೇಳಬಾರದು" ಎಂದು ಒಂದು ಸೀಮೆಸುಣ್ಣವನ್ನು ಅವನ ಕಡೆ ಚಾಚಿದಳು.

ಎಂಥ ಮರ್ಯಾದೆಯ ತಂಟೆ, ಎಂದು ಅವನಿಗೆ ಆ ಕ್ಷಣದಲ್ಲೂ ಮೆಚ್ಚುಗೆಯಾಯಿತು. ಸೀಮೆಸುಣ್ಣ ತೆಗೆದುಕೊಂಡ. ನಲವತ್ತೆರಡು ವರ್ಷದ ಹಿಂದೆ ಬೆರಳುಗಳ ನಡುವೆ ಇದ್ದದ್ದು ಇಷ್ಟೇ ತೂಕ. ಬಿಂದುಜಾ ಬಾಗಿಲವರೆಗೆ ಹೋಗಿ ತಿರುಗಿ ಬಂದಳಂತೆ, ಮತ್ತೆ ಹೋದಳಂತೆ. ಅವಳು ಇಪ್ಪತ್ತಾರರವಳು. ತಾನು ಐವತ್ತನಾಲ್ಕರವನು, ಮೇಷ್ಟ್ರು ಬೇರೆ.

"ಬರೆಯಲಿಲ್ಲ" ಎಂದ ಪವಿತ್ರನ್. ಮೈಕಿನಲ್ಲಿ ಅದು ಬಹಳ ಸಣ್ಣದಾಗಿ ಕೇಳಿಸಿತು. ಗಂಟಲು ಕೆಮ್ಮಿಗೆ ಸಿದ್ಧವಾಯಿತು, ಅವನು ಕೆಮ್ಮಲಿಲ್ಲ. "ಆ ಲೀಡರು ಹೆಸರು ಬರೆಯಲಿಲ್ಲ, ಮಕ್ಕಳೇ. ಸೀಮೆಸುಣ್ಣ ಹಿಡ್ಕೊಂಡು ನಿಂತಿದ್ದ, ಅಷ್ಟೇ. ಗೆಳೆಯನಿಗೆ ಬಿದ್ದದ್ದು ಎರಡಲ್ಲ, ಆರು. ಇಷ್ಟು ವರ್ಷ ನಾನು ಸುಳ್ಳು ಹೇಳಿದೆ."

ಎಲ್ಲೋ ಒಂದು ಬಾಟಲಿ ಉರುಳಿತು. ತಾನು ಈಗ ಏನು ಅನುಭವಿಸುತ್ತಿದ್ದೇನೆ ಎಂದು ಅವನು ಒಳಗೆ ಇಣುಕಿದ. ನಾಚಿಕೆ ಇರಬೇಕಾಗಿದ್ದ ಜಾಗದಲ್ಲಿ ಹೊಸದಾಗಿ ಗುಡಿಸಿದ ಕೋಣೆಯಂಥ ಒಂದು ಖಾಲಿ ಇತ್ತು, ಹಿತವಾಗಿಯೇ ಇತ್ತು. ಆಗ ಅಭಿನವ್ ಎದ್ದ. ಲೀಡರಲ್ಲವೇ, ಎಲ್ಲರ ಪರವಾಗಿ ಮಾತಾಡುವುದು ಅವನ ಕೆಲಸ. ಮಾಡಿದ ಒಳ್ಳೆಯದನ್ನು ಮಾಡಿಲ್ಲ ಎನ್ನುವವನೇ ನಿಜವಾದ ಲೀಡರು ಎಂಬ ಪಾಠ ತಮಗೆ ಈಗ ಅರ್ಥವಾಯಿತೆಂದೂ, ಬೇರೆ ಶಾಲೆಯವರಿಗೆ ಈ ಕೊನೆ ಸಿಕ್ಕಿಲ್ಲವೆಂದೂ, ಇದನ್ನು ಮಾಷ್ ಸ್ವಂತ ಶಾಲೆಗೆಂದೇ ಎತ್ತಿಟ್ಟಿದ್ದರೆಂದೂ ಅವನು ಒಂದೇ ಉಸಿರಿನಲ್ಲಿ ಹೇಳಿದ. ಇಡೀ ಹಾಲ್ ಎದ್ದು ನಿಂತು ಚಪ್ಪಾಳೆ ತಟ್ಟಿತು. ಪ್ರಸನ್ನ ಟೀಚರ್ ಸೆರಗಿನಿಂದ ಕಣ್ಣೊರೆಸಿಕೊಂಡರು. ಇಲ್ಲ, ನಿಜವಾಗಿಯೂ ಬರೆಯಲಿಲ್ಲ ಎಂದ ಪವಿತ್ರನ್, ಚಪ್ಪಾಳೆ ಹೆಚ್ಚಾಯಿತು. ನಾನು ಹೇಡಿಯಾಗಿದ್ದೆ ಎಂದ. ಹಿಂದಿನ ಸಾಲಿನಲ್ಲಿ ಯಾರೋ ಸಿಳ್ಳೆ ಹಾಕಿದರು. ಸತ್ಯವನ್ನು ಇಷ್ಟು ಚೆನ್ನಾಗಿ ಹೇಳುವುದನ್ನು ತಾನು ಎಲ್ಲಿ ಕಲಿತೆನೆಂದು ಅವನಿಗೆ ಗಾಬರಿಯಾಯಿತು. ಇಪ್ಪತ್ತೆರಡು ವರ್ಷ ಇವರನ್ನು ನಂಬಿಸಲು ಪಳಗಿಸಿದ ದನಿಯಲ್ಲೇ, ನನ್ನನ್ನು ನಂಬಬೇಡಿ ಎಂದರೆ ಅವರು ಹೇಗೆ ನಂಬದಿರುತ್ತಾರೆ? ಈ ಹಾಲಿನಲ್ಲಿ ಸತ್ಯ ಗೊತ್ತಿರುವವನು ಇನ್ನೊಬ್ಬನೇ ಇದ್ದ. ಪವಿತ್ರನ್ ಅವನ ಕಡೆ ತಿರುಗಿದ. ಅಂದು ಎರಡನೇ ಏಟಿನ ನಂತರ ಅಚ್ಯುತನ್ ತಿರುಗಿ ನೋಡಿದ ಹಾಗೆಯೇ ಇರಬೇಕು.

"ಆ ಗೆಳೆಯ ಇಲ್ಲೇ ಕೂತಿದ್ದಾನೆ, ಮಕ್ಕಳೇ. ನಿಮ್ಮ ಅಚ್ಯುತೇಟ್ಟ. ಅವನನ್ನೇ ಕೇಳಿ" ಎಂದ. "ಹೇಳೋ ಅಚ್ಯುತಾ. ನಾನು ಬರೆದೆನಾ?"

ಮಕ್ಕಳ ತಲೆಗಳೆಲ್ಲ ಒಟ್ಟಿಗೆ ಹೊರಳಿದವು. ಅಚ್ಯುತನ್ ನಿಧಾನವಾಗಿ ಎದ್ದು ಬಂದು ಮೈಕನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡ. ಬೆರಳಿನಿಂದ ಎರಡು ಸಲ ತಟ್ಟಿ ನೋಡಿದ, ಕಸುಬು ಬಿಡುವುದಿಲ್ಲವಲ್ಲ. ಪವಿತ್ರನ್ ಸೀಮೆಸುಣ್ಣವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದನೆಂದರೆ ಅದು ಪಟ್ಟೆಂದು ಮುರಿಯಿತು.

"ಬರೆದ" ಎಂದ ಅಚ್ಯುತನ್.

ಮುಖದಲ್ಲಿ ಏನೂ ಇರಲಿಲ್ಲ. "ನಾನು ಕಣ್ಣಾರೆ ನೋಡಿದ್ದೀನಿ. ದೊಡ್ಡ ಅಕ್ಷರದಲ್ಲಿ ಬರೆದ. ನನಗೆ ಎರಡು ಏಟು, ಅವನಿಗೆ ನಾಲ್ಕು. ಅವನು ಆರು ಅಂದದ್ದು ಅದನ್ನ ಕೂಡಿಸಿ." ಚಪ್ಪಾಳೆ ಏಳುವ ಮೊದಲೇ ಕೈಯೆತ್ತಿ ನಿಲ್ಲಿಸಿದ. "ಇರಿ, ಮುಗೀಲಿಲ್ಲ. ಮಾಷ್ ಯಾಕೋ ಇದನ್ನ ಮಾತ್ರ ಎಲ್ಲೂ ಹೇಳಲ್ಲ. ಮೊದಲನೇ ಏಟಿಗೇ ಅವನು ಅತ್ತ ಅಳು ಉಪ್ಪಿಟ್ಟಿಗೆ ನಿಂತಿದ್ದ ಸಣ್ಣ ಮಕ್ಕಳಿಗೆ ಕೇಳಿಸಿ ಅವರೂ ಅತ್ತರು. ಎರಡನೇ ಏಟಿಗೆ ಚಡ್ಡಿ ಒದ್ದೆಯಾಯ್ತು. ಬಾವಿಕಟ್ಟೆ ಹತ್ರ ಅದನ್ನ ಹಿಂಡಿ ಒಣಗಿಸಿದ್ದು ನಾನು. ಒಣಗೋವರೆಗೆ ನಮ್ಮ ಲೀಡರು ಬಾಳೆ ಎಲೆ ಸುತ್ತಿಕೊಂಡು ನಿಂತಿದ್ದ. ಏನಪ್ಪಾ ಪವಿತ್ರಾ, ಸುಳ್ಳಾ? ಸುಳ್ಳು ಅಂದ್ರೆ ಹೇಳು, ಎಲ್ಲವೂ ಸುಳ್ಳು ಅಂದುಬಿಡೋಣ."

ಇಡೀ ಹಾಲ್ ಬಿದ್ದು ಬಿದ್ದು ನಗತೊಡಗಿತು. ಮಕ್ಕಳು ಒಬ್ಬರ ಮೇಲೊಬ್ಬರು ಒರಗಿದರು, ಆಶಂಸೆಯ ಇಬ್ಬರೂ ಗಾಂಭೀರ್ಯ ಬಿಟ್ಟರು, ಪ್ರಸನ್ನ ಟೀಚರ್ ಕಣ್ಣೊರೆಸಿದ ಸೆರಗನ್ನೇ ಬಾಯಿಗೆ ತುರುಕಿಕೊಂಡರು. ಆ ಗದ್ದಲದಲ್ಲಿ ಅಚ್ಯುತನ್ ಮೈಕಿನ ತಲೆಯನ್ನು ಬಲ ಅಂಗೈಯಿಂದ ಮುಚ್ಚಿದ, ಏಟು ತಿಂದ ಆ ಅಂಗೈಯಿಂದಲೇ, ಮತ್ತು ಪವಿತ್ರನ್‌ಗೆ ಮಾತ್ರ ಕೇಳುವ ಹಾಗೆ ಹೇಳಿದ: "ನಾಲ್ಕು ಊರಲ್ಲಿ ಬಾಕ್ಸಿನ ಹಿಂದೆ ಕೂತು ಕೇಳಿದ್ದೀನೋ ನಿನ್ನ ಕಥೆನ. ಪ್ರತಿ ಸಲ ಎರಡೇ ಏಟಿಗೆ ನನ್ನನ್ನ ಬಿಡಿಸ್ತಿದ್ದೆ. ಈಗ ಬಂದು ಆರನ್ನೂ ನನಗೇ ವಾಪಸ್ ಕೊಡ್ತೀಯಾ?"

ಪವಿತ್ರನ್ ಆ ಅಂಗೈಯನ್ನೇ ನೋಡಿದ. ಅಚ್ಯುತನ್ ಅದನ್ನು ಮೈಕಿನಿಂದ ತೆಗೆಯಲಿಲ್ಲ.

"ಮತ್ತೆ, ಸುಳ್ಳು ಹೇಳೋ ಹಕ್ಕು ನಿನಗೊಬ್ಬನಿಗೇನಾ?"

ಮುಂದಿನ ಊರಿನಲ್ಲಿ, ಅದರ ಮುಂದಿನ ಊರಿನಲ್ಲಿ, ಇನ್ನು ತಾನು ಎಲ್ಲಿ ನಿಂತರೂ ಮಕ್ಕಳು ಬೋರ್ಡಿನ ಜೊತೆ ಬಾಳೆ ಎಲೆಯನ್ನೂ ಕೇಳುತ್ತಾರೆ ಎಂಬುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಹೌದೆಂದರೆ ಎಲೆ, ಅಲ್ಲವೆಂದರೆ ಹೇಡಿ. ಹೇಡಿ ಎಂದರೆ ಇವರು ನಂಬುವುದಿಲ್ಲ, ಎಲೆಯನ್ನು ಆಗಲೇ ನಂಬಿಯಾಗಿದೆ. ಎಷ್ಟು ಅಚ್ಚುಕಟ್ಟಾಗಿ ಕಟ್ಟಿದ್ದಾನೆ ಈ ಮೈಕ್ ಸೆಟ್ಟಿನವನು, ಒಂದು ವೈರೂ ಹೊರಗೆ ಕಾಣದ ಹಾಗೆ. ಹೊಟ್ಟೆಯ ಆಳದಿಂದ ಏನೋ ಏಳತೊಡಗಿತು. ಕೆಮ್ಮು ಎಂದುಕೊಂಡ, ಕೆಮ್ಮಲ್ಲ. ಅವನು ನಡು ಬಗ್ಗಿಸಿದ, ಕನ್ನಡಕ ಜಾರಿ ನೆಲಕ್ಕೆ ಬಿತ್ತು, ಮೇಜಿನ ಅಂಚು ಹಿಡಿದುಕೊಂಡರೂ ನಿಲ್ಲಲಾಗದೆ ಕುಕ್ಕರಿಸಿದ. ನಫ್ಲಾ ಆ ನಗುವನ್ನೂ ಅನುಕರಿಸಬೇಕೆಂದು ಮೈಕು ಎತ್ತಿ ಎರಡು ಸಲ ಪ್ರಯತ್ನಿಸಿ, ಆಗದೆ, ಕೈಬಿಟ್ಟು ನೋಡುತ್ತ ನಿಂತಳು. ಹಾಲಿನ ನಗು ತಗ್ಗಿತು, ತಗ್ಗಿ ನಿಂತೂ ಹೋಯಿತು. ಒಬ್ಬನದು ಮಾತ್ರ ನಿಲ್ಲಲಿಲ್ಲ. ಅಚ್ಯುತನ್ ಬಗ್ಗಿ ಅವನ ಬೆರಳುಗಳಿಂದ ಸೀಮೆಸುಣ್ಣದ ತುಂಡನ್ನು ಬಿಡಿಸಿಕೊಂಡು, ಮೂರು ಸಲ ಕೆಮ್ಮಿ, ಕಪ್ಪು ಹಲಗೆಯ ಹತ್ತಿರ ಹೋಗಿ ಓರೆ ಅಕ್ಷರದಲ್ಲಿ ಪವಿತ್ರನ್ ಎಂದು ಬರೆದ. ಬರೆದದ್ದನ್ನು ಓದಲು ಪವಿತ್ರನ್‌ಗೆ ಕನ್ನಡಕವಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನು ಮೇಜಿನ ಕೆಳಗೆ ಜಾರಿ ಕೂತು, ಎಲ್ಲರಿಗಿಂತ ಜೋರಾಗಿ, ನಗುತ್ತಲೇ ಇದ್ದ.